ನಾಲ್ಕನೇ ಫ್ಯೂಸ್

"ಇಲ್ನೋಡಿ. ಇದೇ ಸಾಕ್ಷಿ. ಇನ್ನೇನು ಬೇಕು?"

ಪೈಪ್ ಅಂಗಡಿಯ ಯಜಮಾನರು ಸುಟ್ಟ ಲಾರಿಯ ಕ್ಯಾಬಿನ್ನಿಗೆ ಅರ್ಧ ಮೈ ತೂರಿಸಿ, ಎಡಮೂಲೆಯ ಫ್ಯೂಸ್ ಬಾಕ್ಸಿನತ್ತ ಬೆರಳು ಮಾಡಿದ್ದರು. ಉಳಿದರ್ಧ ಮೈ ಹೊರಗಿತ್ತು. ಬಿಳಿ ಪ್ಯಾಂಟಿಗೆ ಮಸಿ ತಾಗೀತೆಂದು ಆ ಅರ್ಧವನ್ನು ಅವರು ಬಹಳ ಜೋಪಾನವಾಗಿ ಎತ್ತಿ ಹಿಡಿದಿದ್ದರು. ಹತ್ತೊಂಬತ್ತು ವರ್ಷದಿಂದ ಈ ಲಾರಿಯ ಒಡೆಯರು. ಅದನ್ನು ಹತ್ತುವುದು ಇನ್ನೂ ಅಭ್ಯಾಸವಾಗಿರಲಿಲ್ಲ.

ಬಾಕ್ಸಿನಲ್ಲಿ ಎಂಟು ಮನೆಗಳ ಒಂದು ಸಾಲು. ಏಳರಲ್ಲಿ ಬಿಳಿ ಪಿಂಗಾಣಿಯ ಫ್ಯೂಸ್‌ಗಳು. ನಾಲ್ಕನೆಯದರಲ್ಲಿ ಫ್ಯೂಸ್ ಇರಲಿಲ್ಲ. ಅದರ ಜಾಗದಲ್ಲಿ ಒಂದು ತುಂಡು ತಂತಿ ಸಿಕ್ಕಿಸಿತ್ತು.

"ಮುಚ್ಚಳದ ಮೇಲೆ ಚಿತ್ರಾನೇ ಇದೆ," ಎಂದರು ಯಜಮಾನರು. "ನಾಲ್ಕು ಅಂತ ಬರೆದು ಪಕ್ಕದಲ್ಲಿ ಫ್ಯಾನಿನ ಚಿತ್ರ. ಕ್ಯಾಬಿನ್ ಫ್ಯಾನಿನ ಫ್ಯೂಸ್ ಸುಟ್ಟಿದೆ. ಹೊಸದು ಹಾಕೋಕೆ ಸೋಮಾರಿತನ. ತಂತಿ ತುರುಕಿದಾನೆ. ವೈರ್ ಕಾದು ಬೆಂಕಿ ಹತ್ತಿದೆ."

"ಯಾರು ತುರುಕಿದ್ದು?" ಎಂದರು ನನ್ನ ಅತ್ತಿಗೆ.

"ಇನ್ಯಾರು? ಡ್ರೈವರ್ರು!"

ಅತ್ತಿಗೆ ಕ್ಯಾಬಿನ್ನಿಗೆ ಹತ್ತಿ ಕುಳಿತು, ಚೀಲದಿಂದ ತಮ್ಮ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ತಂತಿಯನ್ನು ಮುಟ್ಟಿದರು. ಟಿಕ್ ಎಂದು ಅಂಟಿಕೊಂಡಿತು. ಆ ಸ್ಕ್ರೂಡ್ರೈವರಿನ ತುದಿಯಲ್ಲಿ ಅಯಸ್ಕಾಂತವಿದೆ. ಬಿಡಿಸಿಕೊಂಡು, ಮೂಗು ಮುರಿದು, ಕೆಳಗಿಳಿದರು.

ಊರವರು ಅವರನ್ನು ಮೀಟರಕ್ಕ ಎನ್ನುತ್ತಾರೆ. ನನ್ನಣ್ಣ ತೀರಿಕೊಂಡ ಮೇಲೆ ಅವನ ಆಟೊ ಎಲೆಕ್ಟ್ರಿಕಲ್ ಅಂಗಡಿಯನ್ನು ನಡೆಸುತ್ತಿರುವವರು ಅವರೇ. ಇಂಜಿನ್ ಹೊತ್ತಿಸುವ ಸೆಲ್ಫ್ ಮೋಟರ್ ಬಿಚ್ಚುವುದು, ಸುರುಳಿ ಸುತ್ತುವುದು, ಎಲ್ಲೋ ಸೋರಿಹೋಗುವ ಕರೆಂಟನ್ನು ಹುಡುಕುವುದು ಅವರ ಕೆಲಸ. ಮನುಷ್ಯರ ಮಾತಿಗಿಂತ ಮೀಟರಿನ ಮುಳ್ಳಿನ ಮೇಲೆ ಅವರಿಗೆ ಹೆಚ್ಚು ಮರ್ಯಾದೆ. ನಾನು ಚೀಲ ಹೊರುತ್ತೇನೆ, ವರದಿ ಬರೆಯುತ್ತೇನೆ. ನನ್ನ ಅಕ್ಷರ ದುಂಡಗಿದೆ. ತಲೆಯೂ ಅಷ್ಟೇ ದುಂಡಗಿದೆ, ಒಳಗೇನೂ ಇಲ್ಲ ಎಂದು ಅತ್ತಿಗೆಯ ಅಭಿಪ್ರಾಯ.

ಯಜಮಾನರು ಕಂಕುಳಲ್ಲಿದ್ದ ಚೀಲದಿಂದ ಎರಡು ಹಾಳೆ ತೆಗೆದರು. ಮೇಲೆ ಜೆಮ್ ಕ್ಲಿಪ್, ಕೆಳಗೆ ಸಹಿ, ಸಹಿಯ ಕೆಳಗೆ ಅಂಗಡಿಯ ಮುದ್ರೆ.

"ದೂರು ಬರೆಸಿದ್ದೀನಿ. ನಾಳೆ ಬೆಳಿಗ್ಗೆ ಪೊಲೀಸ್ ಠಾಣೆಗೆ ಕೊಡ್ತೀನಿ. ಜೊತೆಗೆ ಎಲೆಕ್ಟ್ರಿಷಿಯನ್ ವರದಿ ಇದ್ರೆ ಗಟ್ಟಿ ಆಗುತ್ತೆ. ನಿಮ್ಮದೊಂದು ಸಹಿ ಆದ್ರೆ ಮುಗೀತು."

"ಡ್ರೈವರಿಗೆ ಏನಾಗುತ್ತೆ?"

"ಲೈಸೆನ್ಸ್ ಹೋಗುತ್ತೆ. ಬೇಕಂತಲೇ ಮಾಡಿದ ಅಂತಾದ್ರೆ ಒಳಗೂ ಹೋಗ್ತಾನೆ. ಏನ್ ಮಾಡೋದು ಹೇಳಿ? ನನಗೇನು ಸಂತೋಷವಾ? ನನ್ನ ಒಡಹುಟ್ಟಿದ ತಮ್ಮನಿದ್ದ ಹಾಗಿದ್ದ."

ತಮ್ಮನ ಮೇಲೆ ಅವರಿಗೆ ಎಷ್ಟು ಪ್ರೀತಿಯೆಂದರೆ ದೂರಿನ ನಕಲು ಸಹ ತೆಗೆಸಿಟ್ಟುಕೊಂಡಿದ್ದರು.

"ಮೊದ್ಲು ಕೇಳ್ತೀನಿ, ಆಮೇಲೆ ನೋಡ್ತೀನಿ, ಆಮೇಲೆ ಸಹಿ," ಎಂದರು ಅತ್ತಿಗೆ. "ನೀವು ಹೋಗಿ ನೆರಳಲ್ಲಿ ಕೂತ್ಕೊಳ್ಳಿ ಯಜಮಾನ್ರೇ. ಪ್ಯಾಂಟು ಬಿಳೀದು."

*

ನಡೆದದ್ದು ಮೂರು ದಿನದ ಹಿಂದೆ, ಹಾಡಹಗಲು. ಲಾರಿ ಪೈಪ್ ಇಳಿಸಿ ಅಂಗಳಕ್ಕೆ ವಾಪಸ್ ಬಂದಿದೆ. ಡ್ರೈವರ್ ಇಳಿದು ನಲ್ಲಿಯ ಬಳಿ ಕೈತೊಳೆಯುತ್ತಿದ್ದಾನೆ. ಕ್ಯಾಬಿನ್ನಿನಿಂದ ಹೊಗೆ. ಅವನು ಓಡಿಬಂದು ಬರಿಗೈಯಲ್ಲಿ ಬ್ಯಾಟರಿಯ ಕಾದ ವೈರುಗಳನ್ನು ಹಿಡಿದು ಕಿತ್ತಿದ್ದಾನೆ. ಪಕ್ಕದ ಗ್ಯಾರೇಜಿನ ಮೇಸ್ತ್ರಿ ಬಕೆಟ್ಟುಗಟ್ಟಲೆ ಮರಳು ಸುರಿದಿದ್ದಾನೆ. ಅಷ್ಟರಲ್ಲಿ ಡ್ಯಾಶ್‌ಬೋರ್ಡು, ಸೀಟು, ಬಲಬದಿಯ ಬಾಗಿಲು ಕರಿಕಲಾಗಿದ್ದವು. ಆ ಅಂಗಳದಲ್ಲಿ ಆಳೆತ್ತರಕ್ಕೆ ಪೇರಿಸಿದ್ದು ಪ್ಲಾಸ್ಟಿಕ್ ಪೈಪು. ಡ್ರೈವರ್ ಇನ್ನೆರಡು ನಿಮಿಷ ಕೈತೊಳೆಯುತ್ತ ನಿಂತಿದ್ದರೆ ಯಜಮಾನರ ವ್ಯಾಪಾರವೂ ಅಷ್ಟೇ ಚೊಕ್ಕಟವಾಗಿ ತೊಳೆದುಹೋಗುತ್ತಿತ್ತು.

ಅವನು ಪೈಪಿನ ರಾಶಿಯ ನೆರಳಿನಲ್ಲಿ ಕುಳಿತಿದ್ದ. ಐವತ್ತರ ಹತ್ತಿರದ ಮನುಷ್ಯ. ಎರಡೂ ಕೈಗೆ ಮೊಣಕೈವರೆಗೆ ಬಿಳಿ ಪಟ್ಟಿ. ಮೂಗಿನ ಮೇಲೆ ನೊಣ ಕೂತರೆ ತಲೆ ಕೊಡವಿಯೇ ಓಡಿಸಬೇಕಿತ್ತು.

"ಗಾಡಿ ನಿಲ್ಲಿಸಿ ಏನ್ ಮಾಡ್ದೆ?" ಅತ್ತಿಗೆ ಕೇಳಿದರು.

"ಸ್ಟಾಪ್ ಗುಂಡಿ ಎಳ್ದೆ ಅಕ್ಕ. ಇಂಜಿನ್ ನಿಂತ್ಮೇಲೆ ಕೀ ತಗೊಂಡು ಇಳ್ದೆ."

ಇಲ್ಲೊಂದು ಮಾತು ಹೇಳಬೇಕು. ಇದು ಹಳೆಯ ಡೀಸೆಲ್ ಇಂಜಿನ್. ಕೀ ಇರುವುದು ಸ್ಟಾರ್ಟ್ ಮಾಡಲು, ದೀಪ ಫ್ಯಾನು ನಡೆಸಲು. ಒಮ್ಮೆ ಹೊತ್ತಿಕೊಂಡ ಮೇಲೆ ಇಂಜಿನ್ನಿಗೆ ಕರೆಂಟಿನ ಹಂಗಿಲ್ಲ. ಕೀ ಕಿತ್ತುಕೊಂಡರೂ ಓಡುತ್ತಲೇ ಇರುತ್ತದೆ. ನಿಲ್ಲಿಸಬೇಕೆಂದರೆ ಸೀಟಿನ ಕೆಳಗಿರುವ ಗುಂಡಿ ಎಳೆದು ಡೀಸೆಲ್ ತಡೆಯಬೇಕು. ಇದನ್ನು ಅತ್ತಿಗೆ ನನಗೆ ಮೂರು ಸಲ ವಿವರಿಸಿದ್ದಾರೆ, ಮೂರನೆಯ ಸಲ ಬೈದು.

"ಫ್ಯಾನ್ ಓಡ್ತಿತ್ತಾ?"

"ಇಲ್ಲ. ಕೀ ತೆಗೆದ್ರೆ ಅದೂ ನಿಲ್ಲುತ್ತೆ."

"ಫ್ಯಾನಿನ ಫ್ಯೂಸ್ ಎಷ್ಟನೇದು?"

"ಏಳನೇದು."

ನನ್ನ ಕಿವಿ ನೆಟ್ಟಗಾಯಿತು. ಏಳು? ಮುಚ್ಚಳದ ಮೇಲೆ ನಾಲ್ಕು ಎಂದು ಅಚ್ಚೊತ್ತಿದ್ದನ್ನು ಈಗಷ್ಟೇ ಕಣ್ಣಾರೆ ಕಂಡಿದ್ದೆ. ಸಿಕ್ಕಿಬಿದ್ದ! ಪುಸ್ತಕದಲ್ಲಿ ಬರೆದುಕೊಂಡು ಎರಡು ಗೆರೆ ಎಳೆದೆ.

"ಫ್ಯೂಸ್ ಹೋದ್ರೆ ಏನ್ ಹಾಕ್ತೀಯಾ?"

"ಫ್ಯೂಸೇ. ಒಂದು ಸ್ಪೇರ್ ಯಾವಾಗ್ಲೂ ಇಟ್ಟಿರ್ತೀನಿ."

"ಎಲ್ಲಿ?"

"ಆ ಬಾಕ್ಸಲ್ಲೇ."

"ಒಂದ್ಸಲಾನೂ ತಂತಿ ಹಾಕಿಲ್ವಾ? ನಿಜ ಹೇಳು. ನಾನು ಡ್ರೈವರ್‌ಗಳನ್ನ ನೋಡದೇ ಇರೋಳಲ್ಲ."

ಅವನು ತಲೆ ತಗ್ಗಿಸಿದ. "ಒಂದ್ಸಲ ಹಾಕಿದ್ದೆ ಅಕ್ಕ. ಹದಿನಾಲ್ಕು ವರ್ಷ ಆಯ್ತು. ಮಳೆ, ವೈಪರ್ ನಿಂತೋಯ್ತು. ವೈರಿಂದ ಒಂದೇ ಒಂದು ತಾಮ್ರದ ಎಳೆ ತೆಗೆದು ಹಾಕ್ದೆ. ಮುಂದಿನ ಊರಲ್ಲೇ ಬದಲಾಯಿಸ್ದೆ."

"ಹದಿನಾಲ್ಕು ವರ್ಷದ ಹಿಂದಿನ ತಪ್ಪು ನೆನಪಿಟ್ಟುಕೊಂಡಿದ್ದೀಯಾ?"

"ತಪ್ಪಲ್ವಾ ಮತ್ತೆ?" ಎಂದ ಅವನು. ಸ್ವಲ್ಪ ಹೊತ್ತು ಪಟ್ಟಿ ಕಟ್ಟಿದ ಕೈಗಳನ್ನು ನೋಡಿಕೊಂಡ. "ಲೈಸೆನ್ಸ್ ಕಿತ್ಕೊಂಡ್ರೆ ನನಗೆ ಬೇರೆ ಏನೂ ಬರಲ್ಲ ಅಕ್ಕ. ಕೈ ವಾಸಿ ಆಗುತ್ತೆ ಅಂದಿದ್ದಾರೆ ಡಾಕ್ಟ್ರು. ವಾಸಿಯಾಗಿ ಏನ್ ಹಿಡೀಲಿ? ಯಜಮಾನ್ರು ಆಸ್ಪತ್ರೆಗೆ ಬಂದಿದ್ರು. ಕೈ ನೋಡೋಕೆ ಅಂದ್ಕೊಂಡೆ. ದೂರು ಓದಿ ಹೇಳೋಕೆ ಬಂದಿದ್ರು."

ಅತ್ತಿಗೆ ಎದ್ದರು. ಅವರ ದವಡೆ ಬಿಗಿದಿತ್ತು. ಆ ದವಡೆ ಬಿಗಿದಾಗ ಮಾತಾಡಿಸಬಾರದೆಂಬುದು ನಾನು ಬದುಕಿನಲ್ಲಿ ಕಲಿತಿರುವ ಒಂದೆರಡು ಪಾಠಗಳಲ್ಲಿ ಒಂದು.

*

ಅಳಿಯ ಗಾಜಿನ ಕೋಣೆಯಲ್ಲಿದ್ದ. ಯಜಮಾನರ ಒಬ್ಬಳೇ ಮಗಳ ಗಂಡ. ಮದುವೆಯಾಗಿ ಎರಡು ವರ್ಷ, ತಿರುಗುವ ಕುರ್ಚಿಯಲ್ಲಿ ತಿರುಗುತ್ತ ಬಂದು ಎರಡು ವರ್ಷ. ಮೇಜಿನ ಮೇಲೆ ಜೆಮ್ ಕ್ಲಿಪ್ಪುಗಳನ್ನು ಒಂದಕ್ಕೊಂದು ಪೋಣಿಸಿ ಸರ ಮಾಡುತ್ತಿದ್ದ. ಸರ ಮೊಣಕೈ ಉದ್ದವಾಗಿತ್ತು. ಬೆಳಗಿನಿಂದ ದುಡಿದಿರಬೇಕು.

"ಲಾರಿಗೆ ಹೊಸ ವೈರಿಂಗ್ ಮಾಡಿದ್ದು ನೀವಂತೆ ಅಳಿಯಂದ್ರೇ."

ಅವನ ಮುಖ ಅರಳಿತು. "ವೈರಿಂಗ್ ಅಂದ್ರೆ ಏನು? ಪೂರ್ತಿ ಅಪ್‌ಗ್ರೇಡ್ ಮೇಡಂ! ಇಪ್ಪತ್ತೈದು ವರ್ಷ ಹಳೇ ಡಬ್ಬ. ಹೊಸ ಕಾಲಕ್ಕೆ ತಂದೆ. ಮೇಲ್ಗಡೆ ಎಂಟು ದೀಪ. ಹಿಂದೆ ಕ್ಯಾಮೆರಾ. ಒಳಗೆ ಸ್ಕ್ರೀನು. ನಾಲ್ಕು ಫೋನ್ ಚಾರ್ಜ್ ಆಗುತ್ತೆ. ಮುಂದಿನ ತಿಂಗಳು ಆ ಸ್ಟಾಪ್ ಗುಂಡೀನೂ ತೆಗೆದು ಕೀಗೇ ಕೊಡೋನಿದ್ದೆ."

"ಎಲ್ಲಿ ಕಲಿತಿರಿ?"

"ಕಲಿಯೋಕೇನಿದೆ? ವೀಡಿಯೊ ನೋಡಿದ್ರೆ ಬರುತ್ತೆ."

"ಇಷ್ಟೆಲ್ಲಕ್ಕೂ ಕರೆಂಟ್ ಎಲ್ಲಿಂದ ತಗೊಂಡ್ರಿ?"

"ನೇರ ಬ್ಯಾಟರಿಯಿಂದ! ಆ ಫ್ಯೂಸ್ ಬಾಕ್ಸ್ ನಂಬೋ ಹಾಗೇ ಇಲ್ಲ ಮೇಡಂ. ಮುಚ್ಚಳದ ಮೇಲೆ ಒಂದು, ಒಳಗೆ ಇನ್ನೊಂದು. ದೀಪದ್ದು ಅಂತ ಕಿತ್ತರೆ ಹಾರ್ನ್ ನಿಂತೋಯ್ತು. ಡ್ರೈವರ್ ನನ್ನ ನೋಡಿ ನಕ್ಕ. ನಂಗೆ ರೇಗಿತು. ನಿನ್ನ ಬಾಕ್ಸೂ ಬೇಡ, ಏನೂ ಬೇಡ ಅಂತ ಬೇರೆ ವೈರ್ ಎಳೆದೆ. ಎಷ್ಟು ದಪ್ಪ ವೈರ್ ಗೊತ್ತಾ? ಕಿರುಬೆರಳಷ್ಟು!"

"ಮಧ್ಯದಲ್ಲಿ ಒಂದು ಫ್ಯೂಸ್?"

"ಅಷ್ಟು ದಪ್ಪ ವೈರಿಗೆ ಯಾಕೆ ಫ್ಯೂಸು?"

ಅತ್ತಿಗೆ ಅವನನ್ನೇ ನೋಡಿದರು. ಸುಟ್ಟುಹೋದ ಸುರುಳಿಯನ್ನು ಗುಜರಿಗೆ ಎಸೆಯುವ ಮುಂಚೆ ಹಾಗೆ ಒಮ್ಮೆ ನೋಡುತ್ತಾರೆ.

"ಬೆಂಕಿ ಹತ್ತಿದ ದಿನ ನೀವೆಲ್ಲಿದ್ರಿ?"

"ಇಲ್ಲೇ. ಹೊಗೆ ಕಂಡಿತು. ಫೋನಲ್ಲಿ ತೆಗ್ದೆ. ಬೇಕಾದ್ರೆ ಕಳಿಸ್ತೀನಿ."

"ಬೇಡ," ಎಂದರು ಅತ್ತಿಗೆ. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿದರು. "ಎಲ್ಲಾ ಬರ್ಕೊಂಡ್ಯಾ?"

"ಮುಖ್ಯವಾದದ್ದನ್ನ ಬರ್ಕೊಂಡೆ ಅತ್ತಿಗೆ. ಎಂಟು ದೀಪ, ಕ್ಯಾಮೆರಾ, ಸ್ಕ್ರೀನು..."

"ಸರಿಹೋಯ್ತು."

*

ಮೇಸ್ತ್ರಿ ತನ್ನ ಗ್ಯಾರೇಜಿನ ಬಾಗಿಲಲ್ಲಿ ಒಂದು ಚಕ್ರಕ್ಕೆ ಗ್ರೀಸ್ ಬಳಿಯುತ್ತಿದ್ದ. ನಮ್ಮನ್ನು ಕಂಡು ಬಳಿದ ಜಾಗಕ್ಕೇ ಮತ್ತೆ ಬಳಿಯತೊಡಗಿದ. ಈ ಲಾರಿಯ ನಟ್ಟುಬೋಲ್ಟುಗಳೆಲ್ಲ ಅವನಿಗೆ ಪರಿಚಯ. ಪರಿಚಯವಿಲ್ಲದ್ದು ಬೆನ್ನುಮೂಳೆ ಮಾತ್ರ.

"ಅಳಿಯ ವೈರ್ ಎಳೆದಾಗ ನೀನಿದ್ಯಾ ಮೇಸ್ತ್ರಿ?"

"ಇದ್ದೆ ಅಕ್ಕ. ಇಂಜಿನ್ ಕಡೆ ತಗಡಿಗೆ ತೂತು ಕೊರೆದು ಒಳಗೆ ತಂದ್ರು. ಬಲಗಡೆ."

"ತೂತಿನ ಅಂಚಿಗೆ ರಬ್ಬರ್ ರಿಂಗ್ ಹಾಕಿದ್ರಾ?"

ಮೇಸ್ತ್ರಿ ಗ್ರೀಸ್ ನೋಡಿದ.

"ಹಾಕಿಲ್ಲ. ನೀನು ನೋಡ್ದೆ. ತಗಡಿನ ಅಂಚು ಅಲುಗಾಡಿ ಅಲುಗಾಡಿ ವೈರಿನ ಸಿಪ್ಪೆ ಸವೆಸುತ್ತೆ ಅಂತ ನಿನಗೆ ಗೊತ್ತಿತ್ತು. ಹೇಳಿದ್ಯಾ?"

"ಅಳಿಯಂದ್ರಿಗೆ ನಾನು ಹೇಳೋದಾ? ನಂಗ್ಯಾಕೆ ಬೇಕು ಅಕ್ಕ? ಅವರ ಗಾಡಿ, ಅವರ ಅಳಿಯ."

"ಫ್ಯೂಸ್ ಬಾಕ್ಸಿನ ತಂತಿ ಯಾವಾಗ ಕಂಡೆ?"

"ಮಾರನೇ ದಿನ. ಯಜಮಾನ್ರು ಕರೆದು ತೋರಿಸಿದ್ರು. ಸಾಕ್ಷಿಗೆ ಸಹಿ ಹಾಕು ಅಂದ್ರು."

"ಹಾಕಿದ್ಯಾ?"

"ತಂತಿ ಇದೆ ಅಂತ ಮಾತ್ರ ಹಾಕ್ದೆ. ಯಾರು ಇಟ್ಟಿದ್ದು ಅಂತ ನಾನು ಹೇಳಿಲ್ಲಪ್ಪ. ನಂಗ್ಯಾಕೆ ಬೇಕು?"

"ಬೆಂಕಿ ಆರಿಸಿದಾಗ ಬಾಕ್ಸಿನ ಮುಚ್ಚಳ?"

"ಮುಚ್ಚಿತ್ತು."

ಅತ್ತಿಗೆ ಮತ್ತೆ ಲಾರಿ ಹತ್ತಿದರು. ಅರ್ಧ ಗಂಟೆ ಇಳಿಯಲಿಲ್ಲ. ಬಲಬದಿಯಲ್ಲಿ, ಕರಿಕಲಾದ ವೈರಿನ ಗೊಂಚಲಲ್ಲಿ ಕೈಯಾಡಿಸಿ, ತಗಡಿನ ತೂತಿನ ಬಳಿ ಕನ್ನಡಿ ಹಿಡಿದು ನೋಡಿದರು. ಆಮೇಲೆ ಎಡಬದಿಗೆ ಸರಿದು ಫ್ಯೂಸ್ ಬಾಕ್ಸಿನ ಎರಡು ಸ್ಕ್ರೂ ಬಿಚ್ಚಿ, ಅದನ್ನು ಮಗುಚಿ ಬೆನ್ನು ನೋಡಿದರು. ಸೀಟಿನ ಕೆಳಗಿನ ಮಸಿಯಿಂದ ಏನನ್ನೋ ಹೆಕ್ಕಿ ಕಿಸೆಗೆ ಹಾಕಿಕೊಂಡರು.

"ಹ್ಞೂಂ," ಎಂದರು. ನನಗೆ ಸಿಕ್ಕಿದ್ದು ಅಷ್ಟೇ.

"ಅತ್ತಿಗೆ, ಡ್ರೈವರ್ ಸುಳ್ಳು ಹೇಳ್ತಿದ್ದಾನೆ," ಎಂದೆ. "ಫ್ಯಾನ್ ಫ್ಯೂಸ್ ಏಳನೇದು ಅಂದ. ಮುಚ್ಚಳದ ಮೇಲೆ ನಾಲ್ಕು ಅಂತಿದೆ. ಇಲ್ಲಾಂದ್ರೆ ತಂತಿ ಇಟ್ಟಿದ್ದು ಅಳಿಯ. ತನ್ನ ತಪ್ಪು ಮುಚ್ಚಿಕೊಳ್ಳೋಕೆ."

"ಅಚ್ಚಾದದ್ದು ಕಂಡ್ರೆ ಸಾಕು, ಕೈಮುಗಿದು ನಂಬೋ ಪೈಕಿ ನೀನು," ಎಂದರು ಅತ್ತಿಗೆ. "ನಿನ್ನಂಥವನು ಇನ್ನೊಬ್ಬನಿದ್ದಾನೆ ಈ ಅಂಗಳದಲ್ಲಿ. ಎಲ್ರನ್ನೂ ಕರಿ."

*

ಮಧ್ಯಾಹ್ನ ಮೂರರ ಬಿಸಿಲು. ಯಜಮಾನರು ಕುರ್ಚಿ ತರಿಸಿಕೊಂಡು ಕುಳಿತರು. ಅಳಿಯ ಫೋನು ಹಿಡಿದು ಅವರ ಹಿಂದೆ ನಿಂತ. ಮೇಸ್ತ್ರಿ ಎಲ್ಲರಿಂದಲೂ ಸಮಾನ ದೂರದಲ್ಲಿ ನಿಂತ. ಡ್ರೈವರ್ ಪೈಪಿನ ರಾಶಿಯ ನೆರಳಿನಲ್ಲೇ ಇದ್ದ.

"ಬೆಂಕಿ ಎಲ್ಲಿ ಹುಟ್ಟಿತು ಅಂತ ಮೊದ್ಲು ಹೇಳ್ತೀನಿ," ಎಂದರು ಅತ್ತಿಗೆ. "ಬಲಗಡೆ, ತಗಡಿನ ತೂತಲ್ಲಿ. ಹೊಸ ವೈರಿನ ಸಿಪ್ಪೆ ಸವೆದು ಒಳಗಿನ ತಾಮ್ರ ತಗಡಿಗೆ ತಾಗಿದೆ. ತಾಮ್ರ ಕರಗಿ ತಗಡಿಗೆ ಮಣಿ ಥರ ಅಂಟಿಕೊಂಡಿದೆ, ಬಂದು ನೋಡಬಹುದು. ನೇರ ಬ್ಯಾಟರಿಯಿಂದ ಬಂದ ವೈರು. ಕೀ ತೆಗೆದ್ರೂ ಅದರಲ್ಲಿ ಕರೆಂಟ್ ಇರುತ್ತೆ. ಮಧ್ಯ ಫ್ಯೂಸ್ ಇದ್ದಿದ್ರೆ ಒಂದು ಕ್ಷಣದಲ್ಲಿ ಸುಟ್ಟು, ಅಲ್ಲಿಗೇ ನಿಲ್ತಿತ್ತು. ಫ್ಯೂಸ್ ಇರಲಿಲ್ಲ. ವೈರು ಕಿರುಬೆರಳಷ್ಟು ದಪ್ಪ ಬೇರೆ. ತಾನು ಬೇಗ ಸಾಯದೆ, ಕಾದು ಕಾದು ಸುತ್ತ ಇರೋದನ್ನೆಲ್ಲ ಸುಟ್ಟಿತು."

"ಅದು ನಿಮ್ಮ ಊಹೆ!" ಎಂದರು ಯಜಮಾನರು. "ಆ ನಾಲ್ಕನೇ ಫ್ಯೂಸಿನ ತಂತಿ?"

"ಅದಕ್ಕೇ ಬರ್ತೀನಿ." ಅತ್ತಿಗೆ ಅಂಗೈ ಚಾಚಿದರು. ಅದರಲ್ಲಿ ಆ ತಂತಿಯಿತ್ತು. "ಡ್ರೈವರ್‌ಗಳು ಫ್ಯೂಸಿಗೆ ತಾಮ್ರದ ಎಳೆ ಹಾಕ್ತಾರೆ. ವೈರ್ ಸುಲಿದ್ರೆ ಸಿಗುತ್ತೆ, ಅದಕ್ಕೇ. ತಾಮ್ರ ಅಯಸ್ಕಾಂತಕ್ಕೆ ಅಂಟಲ್ಲ. ಇದು ಅಂಟಿತು. ಇದು ಉಕ್ಕು. ಕ್ಯಾಬಿನ್ ಸುಡುವಷ್ಟು ಕರೆಂಟ್ ಹರಿದ್ರೆ ಉಕ್ಕು ನೀಲಿಗಟ್ಟುತ್ತೆ. ಇದು ಅಂಗಡೀಲಿ ಕೊಂಡ ಹಾಗೆ ಫಳಫಳ ಅಂತಿದೆ. ಇದರಲ್ಲಿ ಯಾವತ್ತೂ ಕರೆಂಟೇ ಹರಿದಿಲ್ಲ. ಯಜಮಾನ್ರೇ, ಆ ದೂರು ಕೊಡಿ."

ಯಜಮಾನರು ಕೊಟ್ಟರು. ಅತ್ತಿಗೆ ಹಾಳೆಗಳಿಂದ ಜೆಮ್ ಕ್ಲಿಪ್ ಕಳಚಿ, ಎಲ್ಲರೆದುರು ನಿಧಾನವಾಗಿ ಬಿಡಿಸಿ ನೆಟ್ಟಗೆ ಮಾಡಿದರು. ಎಷ್ಟು ನೆಟ್ಟಗೆ ಮಾಡಿದರೂ ಮೂರು ಕಡೆ ಸಣ್ಣ ಬಾಗು ಉಳಿಯಿತು. ಅದನ್ನು ಅಂಗೈಯ ತಂತಿಯ ಪಕ್ಕದಲ್ಲಿಟ್ಟರು. ಅದಕ್ಕೂ ಮೂರು ಬಾಗು. ಅದೇ ಉದ್ದ, ಅದೇ ಹೊಳಪು.

ಎಲ್ಲರ ಕಣ್ಣೂ ಅಳಿಯನ ಕಡೆ ಹೊರಳಿತು. ಅವನ ಕಿಸೆಯಿಂದ ಜೆಮ್ ಕ್ಲಿಪ್ಪಿನ ಸರದ ಬಾಲ ಇಣುಕುತ್ತಿತ್ತು.

"ನಾನಲ್ಲ!" ಎಂದ ಅಳಿಯ.

"ನೀವಲ್ಲ," ಎಂದರು ಅತ್ತಿಗೆ. "ನಿಮ್ಮ ದಡ್ಡತನ ಬೇರೆ ಥರದ್ದು. ಮೇಸ್ತ್ರಿ, ಫ್ಯೂಸ್ ಬಾಕ್ಸಿನ ಮುಚ್ಚಳ ಎಲ್ಲಿಂದ ಬಂತು?"

"ಗುಜರಿಯಿಂದ ನಾನೇ ತಂದು ಹಾಕಿದ್ದು ಅಕ್ಕ. ಒಂಬತ್ತು ವರ್ಷ ಆಯ್ತು. ಮೂಲದ್ದು ಒಡೆದಿತ್ತು. ಬೇರೆ ಗಾಡಿದು, ಅಳತೆ ಮಾತ್ರ ಕೂತ್ಕೊಂಡಿತು."

"ಅದರ ಮೇಲಿನ ಚಿತ್ರ?"

"ಒಂದೂ ಸರಿಯಿಲ್ಲ. ಫ್ಯಾನು ಏಳನೇದು."

"ನಾಲ್ಕನೇದು?"

ಉತ್ತರ ಬಂದದ್ದು ಪೈಪಿನ ರಾಶಿಯ ನೆರಳಿನಿಂದ. "ಅದು ಖಾಲಿ ಮನೆ ಅಕ್ಕ. ಹಿಂದೆ ವೈರೇ ಇಲ್ಲ. ನಾನು ಸ್ಪೇರ್ ಫ್ಯೂಸ್ ಇಡೋದು ಅಲ್ಲೇ."

"ಕೇಳಿಸ್ತಾ?" ಅತ್ತಿಗೆ ಕಿಸೆಯಿಂದ ಒಂದು ಬಿಳಿ ಫ್ಯೂಸ್ ತೆಗೆದು ತೋರಿಸಿದರು. "ಸೀಟಿನ ಕೆಳಗೆ ಬಿದ್ದಿತ್ತು. ಯಾರೋ ಕಿತ್ತು ಎಸೆದಿದ್ದಾರೆ. ಎರಡು ಸ್ಕ್ರೂ ಬಿಚ್ಚಿ ಬಾಕ್ಸ್ ಮಗುಚಿ ನೋಡಿದೆ. ನಾಲ್ಕನೇ ಮನೆಗೆ ಬರೋ ವೈರೂ ಇಲ್ಲ, ಹೋಗೋ ವೈರೂ ಇಲ್ಲ. ಅಲ್ಲಿ ತಂತಿ ಇಡಿ, ಮೊಳೆ ಇಡಿ, ಬೇಕಾದ್ರೆ ಬೆಳ್ಳಿ ಚಮಚ ಇಡಿ, ಏನೂ ಆಗಲ್ಲ. ಡ್ರೈವರಿನ ತಲೆಗೆ ಕಟ್ಟೋಕೆ ಯಾರೋ ಸುಳ್ಳು ಸಾಕ್ಷಿ ಇಟ್ರು. ಆದ್ರೆ ಇಡೀ ಲಾರೀಲಿ ಬೆಂಕಿಯೇ ಹುಟ್ಟಲಾಗದ ಒಂದೇ ಒಂದು ಜಾಗ ಹುಡುಕಿ ಇಟ್ರು!"

ಅತ್ತಿಗೆ ಫ್ಯೂಸನ್ನು ಮತ್ತೆ ಕಿಸೆಗೆ ಹಾಕಿಕೊಂಡರು.

"ಈಗ ಯಾರು ಅಂತ ನೋಡೋಣ. ಮುಚ್ಚಳ ಸುಳ್ಳು ಅಂತ ಡ್ರೈವರಿಗೆ ಗೊತ್ತು. ಫ್ಯಾನು ಏಳು ಅಂದ. ಅದೂ ಅಲ್ಲದೆ ಮೂರು ದಿನದಿಂದ ಅವನಿಗೆ ತನ್ನ ಮೂಗು ಕೆರ್ಕೊಳ್ಳೋಕೂ ಬೆರಳಿಲ್ಲ, ಕ್ಲಿಪ್ ಎಲ್ಲಿ ಬಿಡಿಸ್ತಾನೆ? ಮೇಸ್ತ್ರಿಗೆ ಗೊತ್ತು, ಮುಚ್ಚಳ ತಂದಿದ್ದೇ ಅವನು. ಅಳಿಯಂದ್ರಿಗೂ ಗೊತ್ತು. ಮುಚ್ಚಳ ನಂಬಿ ಹಾರ್ನ್ ಕಿತ್ತು, ನಗೆಪಾಟಲಾಗಿ, ಆ ರೋಷಕ್ಕೇ ನೇರ ವೈರ್ ಎಳೆದ್ರು. ತಂತಿ ಇಟ್ಟಿದ್ದು ಇವರ್ಯಾರಾದ್ರೂ ಆಗಿದ್ರೆ ಏಳರಲ್ಲಿ ಇಡ್ತಿದ್ರು. ನಾಲ್ಕರಲ್ಲಿ ಇಡೋನು ಒಬ್ಬನೇ. ಮುಚ್ಚಳದ ಚಿತ್ರ ನೋಡಿ, ಅದೇ ನಿಜ ಅಂದುಕೊಂಡೋನು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಆ ಬಾಕ್ಸ್ ತೆರೆಯದೇ ಇದ್ದೋನು. ಬೆಳಿಗ್ಗೆ ನನಗೆ ಆ ಚಿತ್ರ ತೋರಿಸಿ 'ನಾಲ್ಕು, ಫ್ಯಾನು' ಅಂದಿದ್ದು ಯಾರು ಯಜಮಾನ್ರೇ?"

ಯಜಮಾನರು ಬಿಳಿ ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡರು.

ಆಗ ಅಳಿಯ ಬಾಯಿಬಿಟ್ಟ. ಅವನ ಬೆರಗು ಪ್ರಾಮಾಣಿಕವಾಗಿತ್ತು. "ಮಾವ, ಆ ಮುಚ್ಚಳ ಬೇರೆ ಗಾಡಿದು ಅಂತ ನಿಮಗೆ ಗೊತ್ತಿರಲಿಲ್ವಾ?"

ಮಾವನ ಪರವಾಗಿ ಅವನು ಹೇಳಿದ ಮೊದಲ ಮತ್ತು ಕೊನೆಯ ಮಾತು ಅದು.

"ಏನ್ ಮಾಡ್ಲಿ ಅಮ್ಮಾ?" ಯಜಮಾನರ ದನಿ ಎಣ್ಣೆ ಹಚ್ಚಿದಂತಾಯಿತು. "ಇರೋದು ಒಬ್ಳೇ ಮಗಳು. ಅವಳ ಗಂಡನ ಕೈಯಿಂದ ಬೆಂಕಿ ಬಿತ್ತು ಅಂದ್ರೆ ನಾಲ್ಕು ಜನ ಏನಂತಾರೆ? ಅಳಿಯ ಲಾರೀನ ಹೊಸ ಕಾಲಕ್ಕೆ ತಂದ ಅಂತ ಎಲ್ಲರ ಮುಂದೆ ಹೇಳ್ಕೊಂಡು ತಿರುಗಿದ್ದೀನಿ. ಇವನಿಗಾದ್ರೆ ಹೇಗೂ..."

"ಹೇಗೂ?" ಎಂದರು ಅತ್ತಿಗೆ.

"ಹೇಗೂ ಡ್ರೈವರು."

ಅತ್ತಿಗೆಗೆ ಸಿಟ್ಟು ಬಂದರೆ ಬೈಯುತ್ತಾರೆ. ಅಸಹ್ಯವಾದರೆ ಕೆಲಸಕ್ಕಿಳಿಯುತ್ತಾರೆ. ಅವರು ದೂರಿನ ಎರಡು ಹಾಳೆಗಳನ್ನು ಮಡಚಿ ನನ್ನ ಕೈಗಿಟ್ಟರು. "ಇದರ ಬೆನ್ನಿಗೇ ವರದಿ ಬರಿ. ಈಗ ಹೇಳಿದ್ದೆಲ್ಲಾ ಬರಿ. ಒಂದು ಪ್ರತಿ ಡ್ರೈವರಿಗೆ. ಮೇಸ್ತ್ರಿ ಸಾಕ್ಷಿಗೆ ಸಹಿ ಹಾಕ್ತಾನೆ. ಬೇಕೋ ಬೇಡವೋ, ಹಾಕ್ತಾನೆ."

ಹಾಕಿದ. ಗ್ರೀಸಿನ ಹೆಬ್ಬೆರಳೂ ಮೂಡಿತು.

ಡ್ರೈವರ್ ನೆರಳಿನಿಂದ ಎದ್ದು ಬಂದ. ಯಜಮಾನರು ತಟ್ಟನೆ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು. "ಆದದ್ದಾಯ್ತು, ಹೊಟ್ಟೆಗೆ ಹಾಕ್ಕೋ. ಕೈ ವಾಸಿಯಾದ ಕೂಡ್ಲೇ ಬಾ. ನೀನು ನನ್ನ ತಮ್ಮನಿದ್ದ ಹಾಗೆ."

ಡ್ರೈವರ್ ಹೆಗಲು ಸರಿಸಿದ. ನನ್ನ ಕಡೆ ತಿರುಗಿ, "ಅಣ್ಣಾ, ಅಂಗಿ ಜೇಬಲ್ಲಿ ಕೀ ಇದೆ. ಸ್ವಲ್ಪ ತೆಗೀತೀರಾ? ಕುರ್ಚಿ ಮೇಲೆ ಇಟ್ಟುಬಿಡಿ," ಎಂದ.

ಇಟ್ಟೆ. ಮೂರು ದಿನ ಆಸ್ಪತ್ರೆಯಲ್ಲೂ ಅದನ್ನು ಎದೆಯ ಮೇಲಿಟ್ಟುಕೊಂಡಿದ್ದನೆಂದು ನೆನೆದು ನನಗೆ ಸಂಕಟವಾಯಿತು. ಬೆಳಿಗ್ಗೆ ಇವನ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದವನು ನಾನೇ. ಆ ಹಾಳೆ ಹರಿದು ಹಾಕಿದೆ.

ಯಜಮಾನರ ಎಣ್ಣೆ ಆವಿಯಾಯಿತು. "ಓಹೋ! ಅಷ್ಟು ಸೊಕ್ಕಾ? ಹೋಗು! ನನ್ನ ಗಾಡಿ ನನಗೆ ನಡೆಸೋಕೆ ಬರುತ್ತೆ. ಇದರ ಒಂದೊಂದು ನಟ್ಟೂ ನನಗೆ ಗೊತ್ತು. ಏ ಮೇಸ್ತ್ರೀ! ಬೇರೆ ಬ್ಯಾಟರಿ ತಂದು ಸ್ಟಾರ್ಟ್ ಮಾಡು. ಬೇರೆ ಗ್ಯಾರೇಜಿಗೆ ಒಯ್ತೀನಿ."

ಮೇಸ್ತ್ರಿ ಬ್ಯಾಟರಿ ತಂದ. ಗೇರು ನ್ಯೂಟ್ರಲ್ಲಿನಲ್ಲಿದೆಯೇ ನೋಡಿ, ಸುಟ್ಟ ವೈರಿಂಗ್ ಬಿಟ್ಟು ಸೆಲ್ಫಿಗೇ ನೇರ ವೈರ್ ಮುಟ್ಟಿಸಿದ. ಇಪ್ಪತ್ತೈದು ವರ್ಷದ ಹಳೇ ಡಬ್ಬ ಒಂದೇ ಸಲಕ್ಕೆ ಗುಡುಗಿ ಹೊತ್ತಿಕೊಂಡಿತು. ಯಜಮಾನರು ಕುರ್ಚಿಯ ಮೇಲಿನ ಕೀ ಹಿಡಿದು, ಬಿಳಿ ಪ್ಯಾಂಟಿನ ಸಮೇತ ಕರಿಕಲು ಸೀಟಿಗೆ ಹತ್ತಿದರು. ಗೇರಿನ ದಂಡ ಹಿಡಿದು ಅಲುಗಿಸಿದರು. ಲಾರಿ ಕರಕರ ಎಂದು ಹಲ್ಲು ಕಡಿಯಿತು. ಅಲುಗಿಸುವುದನ್ನು ಬಿಟ್ಟರು. ಹೊಗೆ ಕ್ಯಾಬಿನ್ನಿಗೆ ತುಂಬಿತು. ಕೆಮ್ಮು ಬಂತು.

"ಆಯ್ತು, ನಾಳೆ ಒಯ್ತೀನಿ," ಎಂದು ಕೂಗಿ ಕೀ ಹಾಕಿ ತಿರುಗಿಸಿದರು.

ಇಂಜಿನ್ ಓಡುತ್ತಲೇ ಇತ್ತು.

ಮತ್ತೆ ತಿರುಗಿಸಿದರು. ಕಿತ್ತರು. ಕೀಯನ್ನು ಕಣ್ಣಿನ ಮುಂದೆ ಹಿಡಿದು ನೋಡಿದರು. ಲಾರಿ ಅವರನ್ನು ಸೀಟಿನ ಮೇಲೆ ಕುಣಿಸುತ್ತ ಹಾಯಾಗಿ ಓಡುತ್ತಿತ್ತು.

"ನಿಲ್ಲಿಸೋದು ಹೇಗೋ?" ಎಂದು ಅಳಿಯನಿಗೆ ಕೂಗಿದರು.

ಅಳಿಯ ತೆಗೆಯಬೇಕೆಂದಿದ್ದ ಗುಂಡಿ ಎಲ್ಲಿದೆಯೆಂದು ಅಳಿಯನಿಗೇ ಮರೆತಿತ್ತು. "ಒಂದ್ನಿಮಿಷ ಮಾವ, ವೀಡಿಯೊ ನೋಡಿ ಹೇಳ್ತೀನಿ," ಎಂದು ಫೋನು ತೀಡತೊಡಗಿದ.

"ಮೇಸ್ತ್ರೀ!"

ಮೇಸ್ತ್ರಿ ಬ್ಯಾಟರಿಯನ್ನು ಎತ್ತಿಕೊಂಡು ಆಗಲೇ ತನ್ನ ಗ್ಯಾರೇಜಿನ ಕಡೆ ಹೊರಟಿದ್ದ. ತಿರುಗಿ ನೋಡಲಿಲ್ಲ. "ನಂಗ್ಯಾಕೆ ಬೇಕು ಯಜಮಾನ್ರೇ?" ಎಂದು ಗೊಣಗಿದ್ದು ಮಾತ್ರ ಕೇಳಿಸಿತು. ಆ ಮಾತನ್ನು ಅವನು ಸರಿಯಾದ ಜಾಗದಲ್ಲಿ ಆಡಿದ್ದು ಅದೇ ಮೊದಲು.

ಗೇಟಿನ ಬಳಿ ಡ್ರೈವರ್ ಒಂದು ಗಳಿಗೆ ನಿಂತ. ವರದಿಯ ಪ್ರತಿ ಅವನ ಜೇಬಿನಲ್ಲಿ, ಕೀ ಇದ್ದ ಜಾಗದಲ್ಲಿತ್ತು. ಅತ್ತಿಗೆ ಅವನ ಮುಖ ನೋಡಿದರು.

"ಎಷ್ಟು ಹೊತ್ತು ಓಡುತ್ತೆ?" ಎಂದು ಕೇಳಿದರು.

"ಆವತ್ತು ಬೆಳಿಗ್ಗೆ ತಾನೇ ಟ್ಯಾಂಕ್ ತುಂಬಿಸಿದ್ದೆ ಅಕ್ಕ," ಎಂದು ಅವನು ರಸ್ತೆಗಿಳಿದ.